ಚಿತ್ರ ತೆಗೆದ ಪೆಟ್ಟಿಗೆಯ ಚಿತ್ರ

ಚಿತ್ರದುರ್ಗದ ಕೋಟೆಯನ್ನು ನೋಡಲು ಬರುವ ಯಾತ್ರಿಕರಲ್ಲಿ ಚಿತ್ರ ತೆಗೆಯುವ ಸಾಧನವಿಲ್ಲದವರು ಇಂದು ವಿರಳ. ಒನಕೆ ಕಿಂಡಿಯದಾಗಲಿ, ಏಕನಾಥೇಶ್ವರಿಯ ಗುಡಿಯದಾಗಲಿ ಛಾಯಾಚಿತ್ರಗಳಿಗೆ ಲೆಕ್ಕವೇ ಇಲ್ಲ. ಆದರೆ ಆ ಚಿತ್ರಗಳನ್ನು ತೆಗೆದ ಯಂತ್ರಗಳ ಚಿತ್ರವನ್ನು ತೆಗೆದಿಟ್ಟವರೆಷ್ಟು ಮಂದಿ? ಹಳೆಯ ಕ್ಯಾಮರಾ, ಮಸೂರ, ರೇಡಿಯೋ ಮೊದಲಾದುವನ್ನು ಮುಂದಿಟ್ಟುಕೊಂಡು ಅವುಗಳದೇ ಚಿತ್ರ ತೆಗೆಯುವ ಹವ್ಯಾಸವು ಈಚೆಗೆ ಕೆಲವರಲ್ಲಿ ಬೆಳೆದಿದೆ. ಇದನ್ನು ಕೆಲಸವಿಲ್ಲದವರ ವಿನೋದವೆಂದು ನಗುವವರುಂಟು. ಈ ವಿನೋದವು ಚರಿತ್ರೆಯ ಸಾಧನವೂ ಆಗಬಲ್ಲುದು. ಆದರೆ ಅದಕ್ಕೆ ಬೇಕಾದ ಶಿಸ್ತನ್ನು ನಮ್ಮ ಜಿಲ್ಲೆಯ ಮಣ್ಣಿನಲ್ಲೇ ನಡೆದ ಒಂದು ಕೆಲಸದಿಂದ ಕಲಿಯಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡ ನಾಡಿಗೆ ಈ ಯಂತ್ರವು ಬಂದುದು ಬಹು ಬೇಗ. ಫ್ರಾನ್ಸಿನ ದಗೇರನ ವಿಧಾನವು ಲೋಕಕ್ಕೆ ಪ್ರಕಟವಾದುದು ೧೮೩೯ರಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ, ಎಂದರೆ ೧೮೫೪ರ ಡಿಸೆಂಬರಿನಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೇಲೂರು ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಮರುವರ್ಷ ಅವನು ತನ್ನ ಚಿತ್ರಗಳನ್ನು ಮದರಾಸಿನ ವಸ್ತುಪ್ರದರ್ಶನದಲ್ಲಿಟ್ಟನು. ಅದೇ ಕಾಲದಲ್ಲಿ ಬಿಗ್ಸ್, ಪಿಗೌ, ನೀಲ್ ಎಂಬ ಮೂವರು ತೆಗೆದ ಚಿತ್ರಗಳು ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಹೊರಬಂದುವು. ಅದಕ್ಕೆ ಚರಿತ್ರೆಯನ್ನು ಬರೆದವನು ಸುರಪುರದ ಸಂಬಂಧದಿಂದ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್. ಆ ಕಾಲದ ಕೆಲಸವು ಗುಂಡಿಯನ್ನೊತ್ತುವಷ್ಟು ಸುಲಭವಾಗಿರಲಿಲ್ಲ. ಚಿತ್ರವನ್ನು ಹಿಗ್ಗಿಸುವ ಸೌಕರ್ಯವಿಲ್ಲದುದರಿಂದ ಪ್ರತಿಯು ಎಷ್ಟು ದೊಡ್ಡದಾಗಿರಬೇಕೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಾಗಿರಬೇಕು. ಒಂದಡಿಗೂ ಮೀರಿದ ನೆಗೆಟಿವ್ ಹಿಡಿಸುವ ಪೆಟ್ಟಿಗೆಯೆಂದರೆ ಮನೆಯ ಸಂದೂಕದಷ್ಟಾಯಿತು. ೧೮೫೧ರಲ್ಲಿ ಕಂಡುಹಿಡಿದ ಗಾಜಿನ ಪ್ಲೇಟಿನ ವಿಧಾನದಲ್ಲಿ, ಲೇಪವು ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ನಮ್ಮ ಬಿಸಿಲಿನಲ್ಲಿ ಅದು ಕಷ್ಟ. ಆದುದರಿಂದಲೇ ಇಲ್ಲಿ ಅನೇಕರು ಮೇಣ ಹಚ್ಚಿದ ಕಾಗದವನ್ನೇ ಮೆಚ್ಚಿದರು. ಆ ಗ್ರಂಥದ ಪುಟಗಳಲ್ಲಿ ಹೊಯ್ಸಳರ ಭಿತ್ತಿಗಳ ಒಂದೊಂದು ಸಾಲನ್ನೂ ನೋಡಬಹುದು. ಅವನ್ನು ಕಂಡ ಪೆಟ್ಟಿಗೆಯನ್ನು ಮಾತ್ರ ಕಾಣಲಾಗದು. ಕನ್ನಡಿಯು ತನ್ನನ್ನು ತಾನು ತೋರಿಸದಷ್ಟೆ.

೧೮೭೧ರಲ್ಲಿ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯನು ಒಣ ಪ್ಲೇಟಿಗೆ ದಾರಿ ತೋರಿದ ಮೇಲೆ ಕೆಲಸವು ಹಗುರವಾಯಿತು. ಇಂಗ್ಲೆಂಡಿನ ತಯಾರಕರು ಉಷ್ಣದೇಶಗಳಿಗೆಂದೇ ತೇಗದ ಮರದಲ್ಲಿ, ಸಂದುಗಳಿಗೆಲ್ಲ ಹಿತ್ತಾಳೆಯ ಪಟ್ಟಿಗಳನ್ನು ಬಿಗಿದು, ಬೇರೆಯೇ ಮಾದರಿಯ ಕ್ಯಾಮರಾಗಳನ್ನು ಮಾಡತೊಡಗಿದರು. ಬರಿಯ ಸರೇಸಿನ ಅಂಟನ್ನು ನಂಬಿದ ಪೆಟ್ಟಿಗೆಯು ಇಲ್ಲಿಯ ಮಳೆಗಾಲ ಬೇಸಗೆಗಳನ್ನು ತಾಳಲಾರದು. ಮೈಸೂರು ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಯು ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಪ್ರಕಟಿಸಿದ ವಾರ್ಷಿಕ ವರದಿಗಳ ಚಿತ್ರಪಟಗಳನ್ನು ನೋಡಿದವರಿಗೆ ಪ್ಲೇಟಿನ ಯುಗದ ಸೂಕ್ಷ್ಮತೆಯು ಮನವರಿಕೆಯಾಗುವುದು. ಆಮೇಲೆ ಊರೂರುಗಳಲ್ಲಿ ಸ್ಟುಡಿಯೋಗಳೆದ್ದುವು. ಕೇರಳದ ಆಲಪ್ಪುಳದಲ್ಲಿ ೧೯೪೦ರ ದಶಕದಿಂದ ತಯಾರಾಗುತ್ತಿದ್ದ 'ವಾಗೀಶ್ವರಿ' ಎಂಬ ಮರದ ಕ್ಯಾಮರಾ ದಕ್ಷಿಣದ ಸ್ಟುಡಿಯೋಗಳಿಗೆ ಪರಿಚಿತವಾಗಿತ್ತು. ಛಾಯಾಗ್ರಾಹಕನು ಕರಿಯ ಬಟ್ಟೆಯೊಳಗೆ ತಲೆಯಿಟ್ಟು, ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ವಧೂವರರನ್ನು ನೋಡಿ, ಹೊರಬಂದು ಮಸೂರದ ಮುಚ್ಚಳವನ್ನು ತೆಗೆದು, ಒಂದು ಎರಡು ಎಂದು ಎಣಿಸಿ ಮತ್ತೆ ಮುಚ್ಚುವನು. ನಮ್ಮ ಅಜ್ಜ ಅಜ್ಜಿಯರು ಭಾವಚಿತ್ರಗಳಲ್ಲಿ ಅಷ್ಟು ಗಂಭೀರವಾಗಿ ಕುಳಿತಿರುವುದಕ್ಕೆ ಆ ಎಣಿಕೆಯೂ ಒಂದು ಕಾರಣ.

ಈಗ ಆ ಶಿಸ್ತಿನ ಮಾತಿಗೆ ಬರೋಣ. ದುರ್ಗದ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಗೆತವನ್ನು ನಡೆಸಿದರು. ಕದಂಬ ಮಯೂರಶರ್ಮನ ಶಾಸನವನ್ನು ವಿದ್ವಾಂಸರ ಮುಂದಿಟ್ಟವರೂ ಅವರೇ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಮತ್ತೆ ಅಗೆಸಿದರು. ಅವರ ವರದಿಯ ಛಾಯಾಚಿತ್ರಗಳಲ್ಲಿ ಗುಂಡಿಯ ಗೋಡೆಗಳನ್ನು ನಯವಾಗಿ ಕೆತ್ತಿ ಗುಡಿಸಿರುವುದನ್ನೂ ಪಕ್ಕದಲ್ಲಿ ಅಳತೆಯ ಕೋಲನ್ನು ನಿಲ್ಲಿಸಿರುವುದನ್ನೂ ಕಾಣುತ್ತೇವೆ. ಚಿತ್ರವು ಅಂದವಾಗಿರಬೇಕೆಂಬುದಲ್ಲ, ಅಗೆದು ಹಾಳಾದ ಮೇಲೆ ಆ ಚಿತ್ರವೊಂದೇ ಸಾಕ್ಷಿಯಾಗಿ ಉಳಿಯುವುದೆಂಬುದೇ ಅಲ್ಲಿಯ ಎಚ್ಚರಿಕೆ. ಇನ್ನೊಂದು ಮಾತು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯ ದೊರೆತಿದೆ. ಅವನು ಆಳಿದುದು ಕ್ರಿ. ಶ. ೧೪ರಿಂದ ೩೭ರವರೆಗೆ. ನಾಣ್ಯವು ದೊರೆತ ಸ್ತರವು ಅದಕ್ಕಿಂತ ಹಳೆಯದಾಗಿರಲಾರದು, ಈಚಿನದಾಗಿರುವುದಕ್ಕೆ ಅಡ್ಡಿಯಿಲ್ಲ.

ಹಳೆಯ ಕ್ಯಾಮರಾದ ಕಾಲನಿರ್ಣಯವೂ ಹೀಗೆಯೇ ನಡೆಯುವುದು. ಮ್ಯೂನಿಕ್ಕಿನ ಡೆಕೆಲ್ ಕಾರ್ಖಾನೆಯ 'ಕಾಂಪುರ್' ಶಟರ್ ಹೊರಬಂದುದು ೧೯೧೨ರಲ್ಲಿ. ಜೈಸ್ ಕಂಪನಿಯ 'ಟೆಸ್ಸಾರ್' ಮಸೂರವು ೧೯೦೨ರಲ್ಲಿ. ಮರದ ಪೆಟ್ಟಿಗೆಯೊಂದರ ಮುಂದೆ ಇವೆರಡೂ ಇದ್ದರೆ, ಆ ಜೋಡಣೆಯು ೧೯೧೨ಕ್ಕೆ ಹಿಂದಿನದಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಪೆಟ್ಟಿಗೆಯು ಮಾತ್ರ ಅದಕ್ಕಿಂತ ಹಳೆಯದಿರಬಹುದು, ಏಕೆಂದರೆ ಹಳೆಯ ಪೆಟ್ಟಿಗೆಗೆ ಹೊಸ ಮಸೂರವನ್ನು ಕೂಡಿಸುವುದು ಸ್ಟುಡಿಯೋಗಳಲ್ಲಿ ರೂಢಿಯೇ. ಮಸೂರದ ಉಂಗುರದ ಮೇಲೆ ಕೆತ್ತಿದ ಕ್ರಮಸಂಖ್ಯೆಯಿಂದ ಅದು ತಯಾರಾದ ವರ್ಷವನ್ನು ಸುಮಾರಾಗಿ ಊಹಿಸಬಹುದು. ಗಾಜಿನ ಮೇಲೆ ನೀಲಿಯೋ ನೇರಿಳೆಯೋ ಆದ ತೆಳುವಾದ ಹೊಳಪಿದ್ದರೆ ಅದು ೧೯೩೫ರಲ್ಲಿ ಜೈಸ್ ಕಂಪನಿಯ ಸ್ಮಾಕುಲಾ ಕಂಡುಹಿಡಿದ ಲೇಪದ ವಂಶದ್ದೆಂದು ಸಾಮಾನ್ಯವಾಗಿ ತಿಳಿಯಬಹುದು. ಸಾಮಾನ್ಯವಾಗಿ ಎಂದೆ, ಕಾಲಕ್ರಮದಲ್ಲಿ ಗಾಜು ತಾನೇ ಮಾಸಿ ಅಂಥದೇ ಬಣ್ಣವನ್ನು ತಳೆಯುವುದುಂಟು. ಹೀಗೆ ಮಾಸಿದ ಮಸೂರವು ಹೊಸದಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುವುದೆಂದು ಇಂಗ್ಲೆಂಡಿನ ಡೆನ್ನಿಸ್ ಟೇಲರ್ ೧೮೯೦ರ ದಶಕದಲ್ಲೇ ಗಮನಿಸಿದ್ದನು. ಮಾಸಿದುದೆಲ್ಲ ಕೊಳೆಯೆಂದು ತಿಕ್ಕುವವರು ಇದನ್ನು ನೆನೆಯಬೇಕು.

ಈ ಹವ್ಯಾಸಿಗಳ ಮೇಲೆ ನನಗಿರುವ ಆಕ್ಷೇಪಣೆಯೂ ಇಲ್ಲಿಯೇ ಇದೆ. ಬಹುಮಂದಿ ಹಿತ್ತಾಳೆಯನ್ನು ಚಿನ್ನದಂತೆ ಬೆಳಗಿ, ಮರಕ್ಕೆ ಮೆರುಗೆಣ್ಣೆ ಬಳಿದು, ಪಕ್ಕದಲ್ಲಿ ಗುಲಾಬಿಯನ್ನೂ ಜೇಬುಗಡಿಯಾರವನ್ನೂ ಇಟ್ಟು ಚಿತ್ರ ತೆಗೆಯುತ್ತಾರೆ. ಚಿತ್ರವೇನೋ ಗೋಡೆಗೆ ಶೋಭೆ. ಆದರೆ ಆ ಬೆಳಗುವಿಕೆಯಲ್ಲಿ ಹೋದುದೇನು? ಹರಿದ ತಿದಿಗೆ ಒಬ್ಬ ಚಮ್ಮಾರನು ಹಾಕಿದ ತೇಪೆ, ಮುರಿದ ಹಲಗೆಗೆ ಬದಲಾಗಿ ಊರಿನ ಬಡಗಿಯು ಹೊಂದಿಸಿದ ಬೇವಿನ ತುಂಡು, ಮುವ್ವತ್ತು ವರ್ಷ ಒಂದೇ ಹೆಬ್ಬೆರಳು ತಾಗಿ ಸವೆದ ಅಂಚು. ಕಾರ್ಖಾನೆಯ ಚರಿತ್ರೆಯು ಜರ್ಮನಿಯ ದಾಖಲೆಗಳಲ್ಲಿ ದೊರೆಯುವುದು. ಹೊಳಲ್ಕೆರೆಯಲ್ಲಿಯೋ ಹೊಸದುರ್ಗದಲ್ಲಿಯೋ ಆ ಯಂತ್ರವು ಬಾಳಿದ ಬಾಳಿನ ಚರಿತ್ರೆಯು ಆ ತೇಪೆಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ಆದುದರಿಂದ ಮೊದಲು ಇದ್ದಂತೆಯೇ ಚಿತ್ರ ತೆಗೆಯಬೇಕು. ಸಡಿಲವಾದ ಧೂಳನ್ನು ಮೆತ್ತನೆಯ ಕುಂಚದಿಂದ ಕೊಡಹಿದರೆ ಸಾಕು. ಉತ್ತರದ ಕಿಟಕಿಯ ಬೆಳಕು ಎಲ್ಲಕ್ಕಿಂತ ಒಳ್ಳೆಯದು. ಕರಿಯ ಚರ್ಮವು ಬೆಳಕನ್ನು ನುಂಗುವುದು, ನಿಕ್ಕಲ್ ಲೇಪವು ಕೋಣೆಯನ್ನೆಲ್ಲ ಪ್ರತಿಬಿಂಬಿಸುವುದು. ಎರಡೂ ಒಂದೇ ವಸ್ತುವಿನಲ್ಲಿರುವುದೇ ಈ ಕೆಲಸದ ತೊಡಕು. ವಸ್ತುವಿನ ಸುತ್ತ ಬಿಳಿಯ ಪಂಚೆಯನ್ನು ಗುಡಾರದಂತೆ ಕಟ್ಟಿ, ಒಂದು ಸಂದಿನಿಂದ ನೋಡಿದರೆ ಎರಡೂ ಹತೋಟಿಗೆ ಬರುವುವು. ಕೆತ್ತಿದ ಅಕ್ಷರಗಳಿಗೆ ಮಾತ್ರ ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳಬೇಕು. ಸವೆದ ಶಾಸನವನ್ನು ಸಂಜೆಯ ಬಿಸಿಲಿನಲ್ಲಿ ಓದಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಸೂರದ ಹಿಂದಿನಿಂದ ಬ್ಯಾಟರಿಯ ಬೆಳಕನ್ನು ಬಿಟ್ಟರೆ ಒಳಗಿನ ಬೂಷ್ಟು ಜೇಡನ ಬಲೆಯಂತೆ ಕಾಣುವುದು. ಅದರದೂ ಒಂದು ಚಿತ್ರವಿರಲಿ. ಹತ್ತಿರದಿಂದ ತೆಗೆಯುವಾಗ ರಂಧ್ರವನ್ನು ಕಿರಿದು ಮಾಡಿದಲ್ಲದೆ ಮುಂದಿನ ಉಂಗುರವೂ ಹಿಂದಿನ ಹಲಗೆಯೂ ಒಟ್ಟಿಗೆ ಸ್ಪಷ್ಟವಾಗವು. ಪಕ್ಕದಲ್ಲಿ ಅಂಗುಲದ ಪಟ್ಟಿಯನ್ನು ಮರೆಯಬಾರದು. ಇಷ್ಟಕ್ಕೂ ಬೆಲೆಬಾಳುವ ಉಪಕರಣ ಬೇಡ. ಅಂಗೈಯ ಫೋನೇ ಸಾಕಾಗುವುದು.

ರೇಡಿಯೋಗಳ ವಿಷಯದಲ್ಲಿ ಹೇಳಬೇಕಾದುದು ಇಷ್ಟು ವಿಸ್ತಾರವಿಲ್ಲ, ಆದರೆ ನಮ್ಮ ನಾಡಿಗೆ ಅದರಲ್ಲಿ ವಿಶೇಷ ಅಭಿಮಾನವಿರಬೇಕು. ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನ ಮಹಾರಾಜರ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, ಕೇವಲ ಮುವ್ವತ್ತು ವಾಟಿನ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಮುಂದೆ ಅದೇ ಭಾರತದ ಪ್ರಸಾರಸಂಸ್ಥೆಗೆಲ್ಲ ಹೆಸರಾಯಿತು. ಹವ್ಯಾಸಿಯೊಬ್ಬರ ಮೇಜಿನಿಂದ ಹುಟ್ಟಿದ ಕೆಲಸವನ್ನು ೧೯೪೨ರಲ್ಲಿ ಸಂಸ್ಥಾನವು ವಹಿಸಿಕೊಂಡಿತು. ಆಮೇಲೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ೧೯೬೦ರ ದಶಕದಲ್ಲಿ ವಾಲ್ವುಗಳೂ ಟ್ರಾನ್ಸಿಸ್ಟರುಗಳೂ ತಯಾರಾದುವು. ಹಳೆಯ ಪೆಟ್ಟಿಗೆಯ ಹಿಂಬದಿಯನ್ನು ಬಿಚ್ಚಿ ಚಿತ್ರ ತೆಗೆದರೆ, ಯಾವ ವಾಲ್ವು ಹಾಲೆಂಡಿನದು, ಯಾವುದು ನಮ್ಮದು ಎಂಬುದು ಹಲವೊಮ್ಮೆ ಮೇಲಣ ಅಚ್ಚಿನಿಂದಲೇ ತಿಳಿಯುವುದು. ಬಿಚ್ಚುವವರಿಗೊಂದು ಎಚ್ಚರಿಕೆ: ವಿದ್ಯುತ್ತಿನ ಸಂಪರ್ಕವನ್ನು ಕಿತ್ತ ಮೇಲೆಯೂ ಕಂಡೆನ್ಸರುಗಳಲ್ಲಿ ಅಪಾಯಕಾರಿಯಾದ ಶಕ್ತಿ ಉಳಿದಿರುವುದುಂಟು, ಬಲ್ಲವರಿಲ್ಲದೆ ಒಳಗೆ ಕೈಹಾಕಲಾಗದು. ರೇಡಿಯೋ ಪರವಾನೆಯ ಪದ್ಧತಿಯು ೧೯೮೦ರ ದಶಕದಲ್ಲಿ ನಿಂತುಹೋಯಿತು. ಅಂಚೆಯ ಮುದ್ರೆಗಳಿರುವ ಆ ಪುಸ್ತಕವು ಮನೆಯಲ್ಲಿದ್ದರೆ ಪೆಟ್ಟಿಗೆಯೊಡನೆ ಅದನ್ನೂ ಚಿತ್ರಿಸತಕ್ಕದ್ದು. ಯಾವ ಊರಿನಲ್ಲಿ, ಯಾವ ವರ್ಷದಿಂದ, ಯಾರ ಮನೆಯಲ್ಲಿ ಆ ಪೆಟ್ಟಿಗೆ ಹಾಡಿತೆಂಬುದಕ್ಕೆ ಅದಕ್ಕಿಂತ ನಂಬಲರ್ಹವಾದ ಪ್ರಮಾಣವಿಲ್ಲ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕ್ಯಾಮರಾಗಳನ್ನು ಕಾಪಾಡಿಟ್ಟಿದ್ದಾರೆ. ಎಲ್ಲ ಊರುಗಳಿಗೂ ಅಂಥ ಭಾಗ್ಯವಿಲ್ಲ. ಸ್ಟುಡಿಯೋ ಮುಚ್ಚಿದಾಗ ಮರವು ಒಲೆಗೂ ಹಿತ್ತಾಳೆಯು ಗುಜರಿಯವನ ತಕ್ಕಡಿಗೂ ಹೋಗುವುವು. ವಸ್ತುವನ್ನು ಕೊಂಡು ಕಾಪಾಡುವ ಶಕ್ತಿ ಎಲ್ಲರಿಗಿಲ್ಲವಾದರೂ, ತಕ್ಕಡಿಗೆ ಹೋಗುವ ಮುನ್ನ ಆರು ಮುಖಗಳ ಚಿತ್ರವನ್ನು ತೆಗೆಯಲು ಅರ್ಧ ಗಂಟೆಯ ಬಿಡುವು ಸಾಕು. ಚಿತ್ರದ ಹಿಂದೆ ಊರು, ದಿನ, ಅಳತೆ, ಕ್ರಮಸಂಖ್ಯೆಗಳನ್ನು ಬರೆಯಬೇಕು. ಅದನ್ನು ಬಳಸಿದ ಹಿರಿಯರು ಬದುಕಿದ್ದರೆ ಅವರನ್ನು ಕೇಳಬೇಕಾದ ಪ್ರಶ್ನೆಗಳೂ ಇವೆ: ಪ್ಲೇಟು ಯಾವ ಊರಿನಿಂದ ಬರುತ್ತಿತ್ತು, ತೊಳೆಯುವ ನೀರನ್ನು ಬೇಸಗೆಯಲ್ಲಿ ಹೇಗೆ ತಂಪಾಗಿಡುತ್ತಿದ್ದರು, ಆಷಾಢದ ಮೋಡದ ದಿನ ಮುಚ್ಚಳವನ್ನು ತೆಗೆದು ಎಷ್ಟರವರೆಗೆ ಎಣಿಸುತ್ತಿದ್ದರು.