ಕಮಿಷನರ್ ಸಹಿಯ ಕೆಳಗಿನ ಎರಡನೇ ಹೆಸರು

ಗಣೇಶನ ಹಬ್ಬದಲ್ಲಿ ಮೆರವಣಿಗೆ ಹೋಗುವ ಬಡಾವಣೆಗಳ ಮದ್ಯದಂಗಡಿ ಮುಚ್ಚಬೇಕೆಂದು ಆದೇಶ ಹೊರಡುತ್ತದಲ್ಲ, ತುಮಕೂರಿನಂಥ ಜಿಲ್ಲೆಯಲ್ಲಿ ಅದಕ್ಕೆ ಸಹಿ ಹಾಕುವವರು ಜಿಲ್ಲಾಧಿಕಾರಿ. ಎಸ್ಪಿ ವರದಿ ಕೊಡಬಹುದು, ಹೀಗೆ ಮಾಡಿದರೆ ಒಳ್ಳೆಯದು ಎಂದು ಕೋರಬಹುದು. ಸಹಿ ಮಾತ್ರ ಅವರದಲ್ಲ. ಬೆಂಗಳೂರಿನಲ್ಲಿ ಅಂಥದೇ ಆದೇಶಕ್ಕೆ ಪೊಲೀಸ್ ಕಮಿಷನರ್ ಅವರೇ ಸಹಿ ಹಾಕುತ್ತಾರೆ. ಸಹಿಯ ಕೆಳಗೆ ಎರಡು ಹುದ್ದೆಗಳ ಹೆಸರಿರುತ್ತದೆ: ‘ಪೊಲೀಸ್ ಆಯುಕ್ತರು ಮತ್ತು ಹೆಚ್ಚುವರಿ ಜಿಲ್ಲಾ ದಂಡಾಧಿಕಾರಿಗಳು’. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದರ ಮೇಲೆ ಕಣ್ಣು ಹಾಯಿಸುವವರು ಕಡಿಮೆ. ನನಗೋ, ಕಮಿಷನರ್ ಎಂಬ ಪದದ ಚರಿತ್ರೆಯೆಲ್ಲ ಆ ಎರಡನೆಯ ಹೆಸರಿನಲ್ಲೇ ಇದೆ ಅನ್ನಿಸುತ್ತದೆ.

1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಹೊಸ ಪೊಲೀಸ್ ಪಡೆ ಕಟ್ಟಿದಾಗ ಅದಕ್ಕೆ ಒಬ್ಬ ಮುಖ್ಯಸ್ಥನನ್ನಲ್ಲ, ಇಬ್ಬರನ್ನು ನೇಮಿಸಿದ. ಚಾರ್ಲ್ಸ್ ರೋವನ್ ವಾಟರ್ಲೂ ಕದನದಲ್ಲಿ ಕಾದಾಡಿ ಬಂದ ಸೈನ್ಯಾಧಿಕಾರಿ. ರಿಚರ್ಡ್ ಮೇನ್ ಐರ್ಲೆಂಡಿನ ಯುವ ಬ್ಯಾರಿಸ್ಟರ್. ಒಬ್ಬನಿಗೆ ಶಿಸ್ತು ಗೊತ್ತು, ಇನ್ನೊಬ್ಬನಿಗೆ ಕಾನೂನು ಗೊತ್ತು. ಶುರುವಿನಲ್ಲಿ ಕಾಯ್ದೆಯ ಪ್ರಕಾರ ಅವರು ಕಮಿಷನರುಗಳೂ ಆಗಿರಲಿಲ್ಲ, ‘ಜಸ್ಟಿಸ್’ಗಳಾಗಿದ್ದರು, ಅಂದರೆ ನ್ಯಾಯಾಲಯ ನಡೆಸದ ದಂಡಾಧಿಕಾರಿಗಳು. ಕಮಿಷನರ್ ಎಂಬ ಹೆಸರು ಕಾಯ್ದೆಗೆ ಬಂದದ್ದು 1839ರಲ್ಲಿ. ರೋವನ್ 1850ರಲ್ಲಿ ನಿವೃತ್ತನಾದ. ಕೆಲ ವರ್ಷಗಳ ಬಳಿಕ ಜೋಡಿ ಹುದ್ದೆಯೇ ರದ್ದಾಗಿ ಮೇನ್ ಒಬ್ಬನೇ ಉಳಿದ. 1868ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರದಲ್ಲಿದ್ದ. ಹೀಗೆ ಇಬ್ಬರು ಕೂತು ಯೋಚಿಸುತ್ತಿದ್ದ ಕೆಲಸ ಒಬ್ಬನ ಪಾಲಿಗೆ ಬಂತು.

ನಮ್ಮ ನಾಡಿಗೆ ಈ ಪದ ಬಂದದ್ದು ಪೊಲೀಸರ ಜೊತೆಯಲ್ಲಲ್ಲ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ತೆಗೆದುಕೊಂಡಾಗ ಅದನ್ನು ಒಪ್ಪಿಸಿದ್ದೂ ಇಬ್ಬರು ಕಮಿಷನರುಗಳಿಗೆ. ಇಲ್ಲೂ ಆ ಜೋಡಿ ಬಾಳಲಿಲ್ಲ. 1834ರಲ್ಲಿ ಹುದ್ದೆ ಒಬ್ಬರದಾಯಿತು, ಅದೇ ವರ್ಷ ಬಂದ ಮಾರ್ಕ್ ಕಬ್ಬನ್ 1861ರವರೆಗೆ ಆಳಿದ. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು. ಮಧ್ಯದ ಐವತ್ತು ವರ್ಷ ‘ಕಮಿಷನರುಗಳ ಆಳ್ವಿಕೆ’ ಎಂದೇ ಚರಿತ್ರೆಯಲ್ಲಿ ಉಳಿಯಿತು. ಅಂದಿನ ಡೆಪ್ಯುಟಿ ಕಮಿಷನರ್ ಇಂದಿಗೂ ನಮ್ಮ ‘ಡಿಸಿ’. ಮದರಾಸು ಪ್ರಾಂತ್ಯದಲ್ಲಿದ್ದ ಮಂಗಳೂರು, ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಕಲೆಕ್ಟರನ್ನು ಕಂಡ ಊರುಗಳು. ಏಕೀಕರಣದ ಮೇಲೆ ಅಲ್ಲಿಗೂ ಡಿಸಿ ಬಂದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ‘ಪ್ಲೇಗ್ ಕಮಿಷನರ್’ ಎಂಬ ಹುದ್ದೆಯೂ ಹುಟ್ಟಿಕೊಂಡಿತು. ಅದನ್ನು ವಹಿಸಿಕೊಂಡವರು ಮುಂದೆ ದಿವಾನರಾದ ವಿ.ಪಿ. ಮಾಧವರಾವ್. ಇಂಥ ಕೆಲಸ ನಿನಗೆ ಒಪ್ಪಿಸಿದೆ, ಮಾಡಿ ಲೆಕ್ಕ ಒಪ್ಪಿಸು ಎಂಬ ಮೂಲಾರ್ಥ ಪ್ಲೇಗ್ ಕಮಿಷನರ್ ಎಂಬಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಪೊಲೀಸಿನ ಮಟ್ಟಿಗೆ ಬ್ರಿಟಿಷರು ಭಾರತದಲ್ಲಿ ಎರಡು ದಾರಿ ಹಿಡಿದರು. ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆ 1856ರ ಕಾಯ್ದೆ, ಅಲ್ಲಿ ಕಮಿಷನರ್. ಉಳಿದೆಡೆ 1861ರ ಕಾಯ್ದೆ. ಅಲ್ಲಿ ಮೇಲೆ ಇನ್‌ಸ್ಪೆಕ್ಟರ್ ಜನರಲ್, ಜಿಲ್ಲೆಗೆ ಎಸ್ಪಿ, ಎಸ್ಪಿಯ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರ ಕಣ್ಣು. ಮೈಸೂರು ಸಂಸ್ಥಾನ ನಡೆದದ್ದೂ ಈ ಎರಡನೇ ದಾರಿಯಲ್ಲೇ. ನೃಪತುಂಗ ರಸ್ತೆಯ ಕೇಂದ್ರ ಕಚೇರಿಯಲ್ಲಿ ಕೂರುವ ರಾಜ್ಯದ ಪೊಲೀಸ್ ಮುಖ್ಯಸ್ಥರನ್ನು ಇಂದಿಗೂ ‘ಡಿಜಿ ಮತ್ತು ಐಜಿಪಿ’ ಎನ್ನುತ್ತೇವೆ. ಹೊಸ ಹೆಸರು ಬಂದಮೇಲೂ ಹಳೆಯದನ್ನು ಬಿಟ್ಟಿಲ್ಲ.

ಬೆಂಗಳೂರಿಗೆ ಪೊಲೀಸ್ ಕಮಿಷನರ್ ಬಂದದ್ದು ಸ್ವಾತಂತ್ರ್ಯ ಬಂದು ಹದಿನಾರು ವರ್ಷದ ಮೇಲೆ, 1963ರಲ್ಲಿ. ಸಿ. ಚಾಂಡಿ ಮೊದಲಿಗರು. ಆಮೇಲೆ ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿಗೂ ಬಂದರು. ಸರ್ಕಾರಿ ಕಾಗದದಲ್ಲಿ ‘ಆಯುಕ್ತ’. ಗುಪ್ತರ ಕಾಲದ ‘ಆಯುಕ್ತಕ’ ಎಂಬ ಅಧಿಕಾರಿಯ ನೆನಪು ತರುವ, ಅರ್ಥಕ್ಕೂ ಒಪ್ಪುವ ಒಳ್ಳೆಯ ಪದ. ಆದರೆ ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ಅಲೆದಾಡಿಸಿದಾಗ ಬೆಂಗಳೂರಿನವರ ಬಾಯಿಂದ ಬರುವುದು ‘ಕಮಿಷನರ್ ಹತ್ರಾನೇ ಹೋಗ್ತೀನಿ’ ಎಂಬ ಮಾತೇ. ಇನ್‌ಫೆಂಟ್ರಿ ರಸ್ತೆಯ ಆ ಕಚೇರಿಯಲ್ಲಿ ಯಾರೋ ಕೇಳುವವರಿದ್ದಾರೆ ಎಂಬ ನಂಬಿಕೆ ಆ ಮಾತಿನಲ್ಲಿದೆ. ನಾನು ಅದನ್ನು ದೊಡ್ಡ ನಂಬಿಕೆ ಎಂದೇ ಎಣಿಸುತ್ತೇನೆ.

ನಗರ ದೊಡ್ಡದು, ಗಲಭೆ ಗಂಟೆಯೊಳಗೆ ಹಬ್ಬುತ್ತದೆ, ಜಿಲ್ಲಾಧಿಕಾರಿಯ ಅಪ್ಪಣೆಗೆ ಕಾಯಲು ಹೊತ್ತಿರುವುದಿಲ್ಲ. ಅದಕ್ಕೇ ದಂಡಾಧಿಕಾರ ಕಮಿಷನರ್ ಕೈಯಲ್ಲಿ ಇರಬೇಕು ಎನ್ನುತ್ತಾರೆ. ಈ ವಾದ ಸುಳ್ಳಲ್ಲ. ಆದರೆ ಜಿಲ್ಲೆಯಲ್ಲಿ ಪೊಲೀಸರು ಬರೆದದ್ದನ್ನು ಪೊಲೀಸರಲ್ಲದ ಒಬ್ಬರು ಓದಿ, ಬೇಕೋ ಬೇಡವೋ ಎಂದು ತೂಗುತ್ತಾರೆ. ನಗರದಲ್ಲಿ ಬರೆಯುವವರೂ ತೂಗುವವರೂ ಒಂದೇ ಇಲಾಖೆಯವರು. ಆ ಎರಡನೆಯ ಹೆಸರಿನಲ್ಲಿ ಸಹಿ ಹಾಕುವಾಗ ಕಮಿಷನರ್ ತಮ್ಮದೇ ಇಲಾಖೆಯ ವರದಿಯನ್ನು ಹೊರಗಿನವರಂತೆ ಓದಬೇಕು. ಈ ಹುದ್ದೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಾರದು.

2019ರ ಡಿಸೆಂಬರ್ ನೆನಪಿಸಿಕೊಳ್ಳಿ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗೆ ಜನ ಸೇರಲಿದ್ದ ಹೊತ್ತಿಗೆ ಬೆಂಗಳೂರಿನಲ್ಲಿ ಕಮಿಷನರ್ ಆದೇಶದಿಂದ 144ನೇ ಸೆಕ್ಷನ್ ಜಾರಿಯಾಯಿತು. ಟೌನ್‌ಹಾಲ್ ಮುಂದೆ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಪೊಲೀಸರು ಹಿಡಿದೊಯ್ದರು. ವಿಷಯ ಹೈಕೋರ್ಟಿಗೆ ಹೋಯಿತು. 2020ರ ಫೆಬ್ರುವರಿಯಲ್ಲಿ ಬಂದ ತೀರ್ಪು ಆ ಆದೇಶವನ್ನು ಕಾನೂನುಬಾಹಿರ ಎಂದಿತು. ನ್ಯಾಯಾಲಯ ಕಂಡ ದೋಷ ಇದು: ಆದೇಶದಲ್ಲಿ ಡಿಸಿಪಿಗಳ ವರದಿಗಳಿದ್ದವು, ಅವನ್ನು ಓದಿ ದಂಡಾಧಿಕಾರಿ ತಾವೇ ಯೋಚಿಸಿ ಒಂದು ಅಭಿಪ್ರಾಯಕ್ಕೆ ಬಂದರೆಂಬುದಕ್ಕೆ ಕಾರಣಗಳಿರಲಿಲ್ಲ.