ಗಡಿ ಇಲ್ಲದಾಗಲೇ ಬತ್ತಿದ ಸಮುದ್ರ

ನದಿ ನೀರಿನ ಜಗಳ ಎದ್ದಾಗಲೆಲ್ಲ "ಈ ಗಡಿಗಳೇ ಇಲ್ಲದಿದ್ರೆ, ಎಲ್ಲಾ ಒಬ್ಬರ ಕೈಲೇ ಇದ್ದಿದ್ರೆ ಈ ತಾಪತ್ರಯ ಇರ್ತಿರಲಿಲ್ಲ" ಅನ್ನೋ ಮಾತು ಕೇಳ್ತೀವಿ. ಚೆನ್ನೈಗೆ ಬಂದು ನೆಲೆಸಿದ ನಾನೂ ಕಾವೇರಿ ವಿಷಯ ಬಂದಾಗ ಹಾಗೇ ಹೇಳಿ ಜಾರಿಕೊಳ್ತಿದ್ದೆ. ಅರಾಲ್ ಸಮುದ್ರದ ಕಥೆ ಓದಿದ ಮೇಲೆ ಬಿಟ್ಟುಬಿಟ್ಟೆ.

ಹೆಸರಿಗೆ ಸಮುದ್ರ, ನಿಜಕ್ಕೂ ಅದೊಂದು ಉಪ್ಪುನೀರಿನ ಸರೋವರ. ಇರೋದು ಕಜಾಕಸ್ತಾನ, ಉಜ್ಬೇಕಿಸ್ತಾನಗಳ ನಡುವೆ. 1960ರಲ್ಲಿ ವಿಸ್ತಾರ ಸುಮಾರು 68,000 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಹೆಚ್ಚು! ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳೇ ಅದರ ಜೀವ.

ಆಗ ಅಲ್ಲೆಲ್ಲ ಸೋವಿಯತ್ ಆಡಳಿತ. ಅಫ್ಘಾನಿಸ್ತಾನವೊಂದನ್ನು ಬಿಟ್ಟರೆ ಎರಡೂ ನದಿಗಳ ಯಜಮಾನ ಮಾಸ್ಕೋ ಒಂದೇ. ಮಾಸ್ಕೋಗೆ ಹತ್ತಿ ಬೇಕಿತ್ತು. 1954ರಲ್ಲಿ ಶುರುವಾದ ಕರಾಕುಂ ಕಾಲುವೆ ಅಮು ದರಿಯಾದ ನೀರನ್ನು ತುರ್ಕ್‌ಮೆನಿಸ್ತಾನದ ಮರಳುಗಾಡಿಗೆ ಎಳೆದುಕೊಂಡು ಹೋಯಿತು. ಸಮುದ್ರ ಬತ್ತುತ್ತೆ ಅಂತ ಯೋಜನೆ ಹಾಕಿದವರಿಗೂ ಗೊತ್ತಿತ್ತು. ಹತ್ತಿಯ ಲಾಭದ ಮುಂದೆ ಅದು ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ. 1987ರ ಹೊತ್ತಿಗೆ ಸಮುದ್ರ ಉತ್ತರ, ದಕ್ಷಿಣ ಅಂತ ಎರಡು ಹೋಳಾಯಿತು. ಮೊಯ್ನಾಕ್ ಎಂಬ ಬಂದರಿನ ಮೀನುಗಾರಿಕೆ ಹಡಗುಗಳು ಮರಳ ಮೇಲೆ ತುಕ್ಕು ಹಿಡಿದು ನಿಂತವು.

1991ರಲ್ಲಿ ಅಲ್ಲಿ ಒಂದು ದೇಶವಿದ್ದ ಕಡೆ ಐದು ದೇಶಗಳಾದವು. ಆಗ ಬಂತು ನೋಡಿ ಹೊಸ ಜಗಳ! ಸಿರ್ ದರಿಯಾದ ಮೇಲ್ಭಾಗದಲ್ಲಿ, ಕಿರ್ಗಿಸ್ತಾನದಲ್ಲಿ, ಟೊಕ್ಟೊಗುಲ್ ಅಣೆಕಟ್ಟಿದೆ. ಅದರಲ್ಲಿ ಹಿಡಿಯೋ ನೀರು 19.5 ಘನ ಕಿ.ಮೀ. ನಮ್ಮ ಲೆಕ್ಕದಲ್ಲಿ ಸುಮಾರು 690 ಟಿಎಂಸಿ (ಕೆಆರ್‌ಎಸ್‌ನದು 49 ಚಿಲ್ಲರೆ!). ಕೆಳಗಿನ ರೈತರಿಗೆ ನೀರು ಬೇಕಾಗಿದ್ದು ಬೇಸಿಗೆಯಲ್ಲಿ. ಮೇಲಿನವರಿಗೆ ಕರೆಂಟು ಬೇಕಾಗಿದ್ದು ಕೊರೆಯುವ ಚಳಿಗಾಲದಲ್ಲಿ. ಮೊದಲು ಕೆಳಗಿನಿಂದ ಕಲ್ಲಿದ್ದಲು, ಗ್ಯಾಸು ಬರ್ತಿತ್ತು, ಹಾಗಾಗಿ ಬೇಸಿಗೆಗೆ ನೀರು ಬಿಡ್ತಿದ್ದರು. ಈಗ ಅದಕ್ಕೆ ದುಡ್ಡು ಕೊಡಿ ಅಂದರು. ಇವರು ಚಳಿಗಾಲದಲ್ಲೇ ನೀರು ಬಿಟ್ಟು ಕರೆಂಟು ಮಾಡಿಕೊಂಡರು. ಕೆಳಗೆ ನದಿ ಹೆಪ್ಪುಗಟ್ಟಿರುತ್ತೆ, ನೀರು ಮುಂದೆ ಸಾಗಲ್ಲ. ಎಷ್ಟೋ ನೀರು ಅರ್ನಸಾಯ್ ಎಂಬ ತಗ್ಗಿಗೆ ಹರಿದು ಹೋಯಿತು. ಹೊಲಕ್ಕೂ ಇಲ್ಲ, ಸಮುದ್ರಕ್ಕೂ ಇಲ್ಲ.

1992ರಲ್ಲಿ ಐದೂ ದೇಶ ಸೇರಿ ಒಪ್ಪಂದ ಮಾಡಿಕೊಂಡವು. 1998ರಲ್ಲಿ ಇನ್ನೊಂದು: ಬೇಸಿಗೆಗೆ ನೀರು ಬಿಡಿ, ಚಳಿಗಾಲಕ್ಕೆ ಇಂಧನ ತಗೊಳ್ಳಿ. ನ್ಯಾಯವಾಗೇ ಇತ್ತು ಬಿಡಿ. ಆದರೆ ಮಳೆ ಚೆನ್ನಾಗಿ ಬಂದ ವರ್ಷ ಕೆಳಗಿನವರಿಗೆ ಮೇಲಿನ ನೀರು ಬೇಡವಾಗುತ್ತಿತ್ತು, ಇಂಧನ ಕಳಿಸೋಕೂ ಮನಸ್ಸಿಲ್ಲ. ಅಣೆಕಟ್ಟು ಕಾಯ್ದುಕೊಂಡಿದ್ದಕ್ಕೆ ಕೂಲಿ ಯಾರು ಕೊಡಬೇಕು? ಒಪ್ಪಂದ ಕೆಲವೇ ವರ್ಷಗಳಲ್ಲಿ ಸೊರಗಿತು.

ಕೊನೆಗೆ ಉಳಿದಿದ್ದು ಒಂದು ಸಣ್ಣ ಕೆಲಸ. ಉತ್ತರದ ಹೋಳನ್ನಾದರೂ ಉಳಿಸಿಕೊಳ್ಳೋಣ ಅಂತ ಸ್ಥಳೀಯರು 90ರ ದಶಕದಲ್ಲಿ ಮರಳಿನ ಒಡ್ಡು ಹಾಕಿದ್ದರು. 1999ರ ಬಿರುಗಾಳಿಗೆ ಅದು ಕೊಚ್ಚಿ ಹೋಯಿತು. ಆಮೇಲೆ ಕಜಾಕಸ್ತಾನ, ವಿಶ್ವಬ್ಯಾಂಕಿನ ಸಾಲ ತಗೊಂಡು 2005ರಲ್ಲಿ ಕೊಕ್-ಅರಾಲ್ ಅಣೆಕಟ್ಟು ಮುಗಿಸಿತು. ಎಲ್ಲರ ಅಂದಾಜಿಗಿಂತ ಬೇಗ, 2006ರ ಹೊತ್ತಿಗೆ, ನೀರು 42 ಮೀಟರಿನ ಗುರಿ ಮುಟ್ಟಿತು. ಉಪ್ಪು ಇಳಿದು ಸಿಹಿನೀರಿನ ಮೀನು ಮರಳಿ ಬಂದವು.

ಖುಷಿಯ ವಿಷಯವೇ. ಆದರೆ ಆ ಅಣೆಕಟ್ಟು ದಕ್ಷಿಣಕ್ಕೆ ಹೋಗುವ ನೀರಿಗೆ ಅಡ್ಡ ನಿಂತಿದೆ ಅನ್ನೋದನ್ನೂ ಮರೆಯುವಂತಿಲ್ಲ. 2014ರಲ್ಲಿ ದಕ್ಷಿಣ ಸಮುದ್ರದ ಪೂರ್ವ ಭಾಗ ಪೂರ್ತಿ ಒಣಗಿತು.

2023ರ ಜನವರಿಯಲ್ಲಿ ಕಿರ್ಗಿಸ್ತಾನ, ಕಜಾಕಸ್ತಾನ, ಉಜ್ಬೇಕಿಸ್ತಾನ ಸೇರಿ ಕಂಬರಾತಾ ಅಣೆಕಟ್ಟು ಕಟ್ಟೋಕೆ ಒಪ್ಪಿಕೊಂಡವು. ಮೇಲಿನವರೂ ಕೆಳಗಿನವರೂ ಒಂದೇ ಅಣೆಕಟ್ಟಿಗೆ ಕೈ ಜೋಡಿಸಿರೋದು ನನಗೆ ಆಸೆ ಹುಟ್ಟಿಸುತ್ತೆ. ಇತ್ತ ಅಫ್ಘಾನಿಸ್ತಾನ 2022ರಿಂದ ಅಮು ದರಿಯಾದಿಂದ ಕೋಶ್ ತೆಪಾ ಕಾಲುವೆ ತೋಡುತ್ತಿದೆ. 1992ರ ಒಪ್ಪಂದದಲ್ಲಿ ಆ ದೇಶ ಇರಲೇ ಇಲ್ಲ.

ಗಡಿ ಇಲ್ಲದಾಗ ಸಮುದ್ರದ ಪರವಾಗಿ ಮಾತಾಡೋರೇ ಇರಲಿಲ್ಲ. ಗಡಿ ಬಂದ ಮೇಲೆ ಜಗಳವಾದರೂ ಶುರುವಾಯಿತು. ಜಗಳ ಆಡೋರು ಒಂದು ದಿನ ಲೆಕ್ಕಕ್ಕೂ ಕೂರಬಹುದು ಅಲ್ವಾ?