ಅಗರಿನಲ್ಲಿ ಮೂಡಿದ ಗೆರೆ

ಕಾಮಾಲೆ ಎಂಬ ಹೆಸರನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಕಣ್ಣು ಹಳದಿಯಾದರೆ ಅದು ಕಾಮಾಲೆಯೆಂದು ಹಳ್ಳಿಯ ಅಜ್ಜಿಯೂ ಹೇಳಬಲ್ಲಳು. ಆದರೆ ಕಣ್ಣು ಹಳದಿಯಾಗದೆ, ಮೈಯಲ್ಲಿ ನೋವೂ ತೋರದೆ, ರಕ್ತದಲ್ಲಿ ಹಲವು ವರ್ಷ ಅಡಗಿದ್ದು ಯಕೃತ್ತನ್ನು ಕೆಡಿಸುವ ಕಾಮಾಲೆಯೂ ಉಂಟು. ಹೆಪಟೈಟಿಸ್ ಬಿ ಎಂಬ ಆ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಗುರುತಿಸಲು ಕಲಿತ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

1883ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ಹಡಗು ಕಟ್ಟುವ 1289 ಕೆಲಸಗಾರರಿಗೆ ಸಿಡುಬಿನ ದೇವಿ ಹಾಕಿದರು. ಆ ಲಸಿಕೆ ಮನುಷ್ಯದೇಹದಿಂದ ತೆಗೆದದ್ದು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಮಂದಿಗೆ ಕಾಮಾಲೆ ಬಂದಿತು. 1942ರಲ್ಲಿ ಅಮೆರಿಕದ ಸೈನಿಕರಿಗೆ ಹಳದಿಜ್ವರದ ಲಸಿಕೆ ಕೊಟ್ಟಾಗಲೂ ಹೀಗೆಯೇ ಆಯಿತು. ಮನುಷ್ಯರಕ್ತದ ಸೀರಂ ಬೆರೆತಿದ್ದ ಆ ಲಸಿಕೆಯಿಂದ 28,000ಕ್ಕೂ ಹೆಚ್ಚು ಮಂದಿ ಕಾಮಾಲೆಗೀಡಾದರು. 1947ರಲ್ಲಿ ಬ್ರಿಟನ್ನಿನ ಮೆಕ್ಯಾಲಮ್ ಅವರು ಆಹಾರ, ನೀರುಗಳಿಂದ ಹರಡುವುದಕ್ಕೆ ‘ಎ’ ಎಂದೂ ರಕ್ತದಿಂದ ಹರಡುವುದಕ್ಕೆ ‘ಬಿ’ ಎಂದೂ ಹೆಸರಿಟ್ಟರು. ಹೆಸರು ದೊರೆಯಿತು, ಪರೀಕ್ಷೆ ದೊರೆಯಲಿಲ್ಲ.

ಅದನ್ನು ಕಂಡುಹಿಡಿದವರು ಕಾಮಾಲೆಯನ್ನು ಹುಡುಕುತ್ತಲೇ ಇರಲಿಲ್ಲವೆಂಬುದು ಈ ಚರಿತ್ರೆಯ ಸೋಜಿಗ. ಅಮೆರಿಕದ ಬರೂಕ್ ಬ್ಲಂಬರ್ಗ್ ಅವರು ನಾನಾ ಜನಾಂಗಗಳ ರಕ್ತದಲ್ಲಿರುವ ಆನುವಂಶಿಕ ಭೇದಗಳನ್ನು ಅಭ್ಯಸಿಸುತ್ತಿದ್ದರು. ಹಿಮೋಫಿಲಿಯ ರೋಗಿಗಳು ಅನೇಕರ ರಕ್ತವನ್ನು ಪಡೆದಿರುತ್ತಾರೆ. ಆದುದರಿಂದ ಪರಕೀಯ ವಸ್ತುಗಳಿಗೆ ಎದುರಾದ ಪ್ರತಿಕಾಯಗಳು ಅವರ ಸೀರಮ್ಮಿನಲ್ಲಿ ಹೇರಳ. ಅಗರಿನ ತೆಳುಪದರದಲ್ಲಿ ಕುಳಿಗಳನ್ನು ಕೊರೆದು, ಒಂದರಲ್ಲಿ ಇಂತಹ ಸೀರಮ್ಮನ್ನೂ ಸುತ್ತಲಿನವುಗಳಲ್ಲಿ ಬೇರೆಯವರ ಸೀರಮ್ಮನ್ನೂ ಹಾಕಿದರೆ, ಪ್ರತಿಕಾಯವೂ ಅದಕ್ಕೆ ತಕ್ಕ ಪ್ರತಿಜನಕವೂ ಸಂಧಿಸಿದೆಡೆ ಬಿಳಿಯ ಗೆರೆ ಮೂಡುತ್ತದೆ. 1963ರಲ್ಲಿ ಬ್ಲಂಬರ್ಗ್ ಮತ್ತು ಹಾರ್ವೆ ಆಲ್ಟರ್ ಅವರು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ಸೀರಮ್ಮಿನೆದುರು ಅಂಥದೊಂದು ಗೆರೆಯನ್ನು ಕಂಡರು. ‘ಆಸ್ಟ್ರೇಲಿಯ ಪ್ರತಿಜನಕ’ವೆಂಬ ಹೆಸರು ಬಂದುದು ಹೀಗೆ.

ಇದು ರಕ್ತದ ಕ್ಯಾನ್ಸರಿನ ಚಿಹ್ನೆಯಿರಬಹುದೆಂದು ಮೊದಲು ಊಹಿಸಿದರು. 1966ರಲ್ಲಿ, ಹಿಂದೆ ಪ್ರತಿಜನಕವಿಲ್ಲದಿದ್ದ ರೋಗಿಯೊಬ್ಬನಲ್ಲಿ ಅದು ಹೊಸದಾಗಿ ಕಂಡಿತು. ಅವನ ಯಕೃತ್ತು ಕೆಟ್ಟಿತ್ತು. 1967ರಲ್ಲಿ ಬ್ಲಂಬರ್ಗರ ಪ್ರಯೋಗಶಾಲೆಯಲ್ಲಿಯೇ ದುಡಿಯುತ್ತಿದ್ದ ಮಹಿಳೆಯೊಬ್ಬರು ಅಸ್ವಸ್ಥರಾಗಿ ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿದರು. ಗೆರೆ ಮೂಡಿತು; ಬಳಿಕ ಕಾಮಾಲೆ ವ್ಯಕ್ತವಾಯಿತು. ಪ್ರತಿಜನಕವು ವೈರಸ್ಸಿನ ಹೊರಪದರದ ಅಂಶವೆಂದು ಮುಂದೆ ತಿಳಿಯಿತು. 1970ರಲ್ಲಿ ಲಂಡನ್ನಿನ ಡೇನ್ ಅವರು ಇಡಿಯ ವೈರಸ್ಸನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಬ್ಲಂಬರ್ಗರಿಗೆ 1976ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಅಗರಿನ ವಿಧಾನಕ್ಕೆ ಅಲ್ಪ ಪ್ರಮಾಣದ ಪ್ರತಿಜನಕ ಸಿಕ್ಕುತ್ತಿರಲಿಲ್ಲ. 1970ರ ದಶಕದಲ್ಲಿ ವಿಕಿರಣವಸ್ತುವನ್ನು ಗುರುತಾಗಿ ಬಳಸುವ ಪರೀಕ್ಷೆಯೂ, ಅನಂತರ ಕಿಣ್ವದಿಂದ ಬಣ್ಣ ಬರಿಸುವ ಎಲೈಸಾ ಪರೀಕ್ಷೆಯೂ ಬಂದವು. ದಾನದ ರಕ್ತವನ್ನು ಶೋಧಿಸಲು ಇವು ದೊಡ್ಡ ಆಸರೆಯಾದವು. ಅಷ್ಟೇ ಅಲ್ಲ, 1942ರ ಲಸಿಕೆಯನ್ನು ಪಡೆದಿದ್ದ ಸೈನಿಕರ ರಕ್ತವನ್ನು ದಶಕಗಳ ತರುವಾಯ ಪರೀಕ್ಷಿಸಿ, ಅಂದಿನ ರೋಗ ಹೆಪಟೈಟಿಸ್ ಬಿ ಎಂದು 1987ರಲ್ಲಿ ಪ್ರಕಟಪಡಿಸಿದರು. ರಕ್ತವು ಹಳೆಯ ದಾಖಲೆಯನ್ನು ಮರೆತಿರಲಿಲ್ಲ!

ವರದಿಯ ಅರ್ಥವನ್ನು ಇಷ್ಟರಮಟ್ಟಿಗೆ ತಿಳಿದಿರುವುದೊಳ್ಳೆಯದು. ಹೊರಪದರದ ಪ್ರತಿಜನಕ ಕಂಡರೆ ಸೋಂಕು ಇದೆಯೆಂದರ್ಥ. ಆರು ತಿಂಗಳಿಗೂ ಮೀರಿ ಉಳಿದರೆ ಅದು ದೀರ್ಘಕಾಲದ್ದು. ಆ ಪ್ರತಿಜನಕವಿಲ್ಲದೆ ಅದರ ಪ್ರತಿಕಾಯ ಮಾತ್ರ ಕಂಡರೆ, ಗುಣವಾದುದರಿಂದಲೋ ಲಸಿಕೆಯಿಂದಲೋ ರಕ್ಷಣೆ ದೊರೆತಿದೆಯೆಂದರ್ಥ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಲೋಕದ 25 ಕೋಟಿ 40 ಲಕ್ಷ ಜನರಲ್ಲಿ ಈ ದೀರ್ಘ ಸೋಂಕು ಇದ್ದಿತು. ಪರೀಕ್ಷೆಯಿಂದ ಅದನ್ನು ಅರಿತವರು ನೂರಕ್ಕೆ 13 ಮಂದಿ ಮಾತ್ರ. ಗಡಿನಾಡಿನ ನಮ್ಮ ಮನೆಗಳಿಗೆ ಇಂತಹ ವರದಿ ಇಂಗ್ಲಿಷಿನಲ್ಲಿ ಬಂದಾಗ, ಓದಿ ಹೇಳೆಂದು ಶಾಲೆಗೆ ಹೋಗುವ ಮಗುವಿನ ಕೈಗೋ ಊರಿನ ಅಧ್ಯಾಪಕರ ಕೈಗೋ ಕೊಡುವುದುಂಟು. ಆಗ ಅರೆತಿಳಿವಿನಿಂದ ಯಾರಿಗೂ ಕಳಂಕ ಹಚ್ಚದಿರೋಣ. ಸಹಪಂಕ್ತಿಯ ಊಟದಿಂದಾಗಲಿ ಒಂದೇ ಬೆಂಚಿನಲ್ಲಿ ಕುಳಿತುದರಿಂದಾಗಲಿ ಈ ಸೋಂಕು ಹರಡದು. ವೈದ್ಯರ ಬಳಿಗೆ ಕಳುಹಿಸುವುದು, ಮನೆಯ ಇತರರಿಗೆ ಪರೀಕ್ಷೆಯನ್ನೂ ಲಸಿಕೆಯನ್ನೂ ಮಾಡಿಸಲು ಹೇಳುವುದು, ಧೈರ್ಯ ತುಂಬುವುದು, ಇವೇ ನಾವು ಮಾಡಬೇಕಾದ ಕೆಲಸ. ಬಿಳಿಯ ಗೆರೆಯೊಂದನ್ನು ಅಲಕ್ಷಿಸದೆ ನೋಡಿದವರಿಂದ ಲೋಕಕ್ಕೆ ಈ ಪರೀಕ್ಷೆ ಲಭಿಸಿತು. ಅದರ ಫಲವನ್ನು ಸರಿಯಾಗಿ ಓದುವ ಹೊಣೆ ನಮ್ಮದು.